ಮುಟ್ಟಿ ನೋಡುವುದು

ಕನಜಾವಾ ಊರಲ್ಲಿ ನವೆಂಬರ್ ಬಂತೆಂದರೆ
ತೋಟದ ಪೈನ್ ಮರಗಳಿಗೆ ಹಗ್ಗ ಕಟ್ಟುತ್ತಾರೆ.
ನಡುವೆ ಎತ್ತರದ ಕಂಬ, ಅದರ ನೆತ್ತಿಯಿಂದ
ಒಂದೊಂದು ಕೊಂಬೆಗೂ ಇಳಿಬಿಟ್ಟ ಒಂದೊಂದು ಹುರಿ.
ಇಲ್ಲಿಯ ಹಿಮ ಒದ್ದೆ, ಭಾರ.
ಹಿಡಿಯುವವರಿಲ್ಲದ ಕೊಂಬೆ
ರಾತ್ರಿ ಲಟ್ಟೆಂದು ಮುರಿಯುತ್ತದೆ.
ಚಿಕ್ಕಪ್ಪ ತೊಕುಜಿಗೆ ನಲವತ್ತೊಂದು ವರ್ಷದಿಂದ ಇದೇ ಕೆಲಸ.

ನನ್ನದು ಗುಡ್ಡದ ಮೇಲೆ, ನೆಲಮಾಳಿಗೆಯಲ್ಲಿ.
ಅಭ್ರಕದ ಬಿಲ್ಲೆಗೆ ಅಂಟುಪಟ್ಟಿ ಒತ್ತಿ
ಸರ್ರನೆ ಎಳೆದರೆ ಒಂದು ಪದರ ಸುಲಿದು ಬರುತ್ತದೆ;
ಅಡಿಯಲ್ಲಿ ಇದುವರೆಗೆ ಯಾರ ಉಸಿರೂ ತಾಗದ ನೆಲ.
ಅದರ ಮೇಲೆ ನಿಕ್ಕಲ್ ಉಪ್ಪಿನ ಒಂದು ಹನಿ,
ಹನಿಯೊಳಗೆ ಡಿಎನ್‌ಎ. ನೇರ ಏಣಿಯಲ್ಲ,
ನಾವೇ ಹೆಣೆದ ಕವಲುಗಳು:
ಎರಡು ಜೋಡಿ ಎಳೆ ಜೊತೆ ಬದಲಿಸುವ ಗಳಿಗೆಯಲ್ಲೇ
ಸಿಕ್ಕಿಬಿದ್ದ ನಾಲ್ಕು ತೋಳು.

ಸೂಕ್ಷ್ಮದರ್ಶಕ ಎನ್ನುತ್ತಾರೆ. ಅದಕ್ಕೆ ಕಣ್ಣಿಲ್ಲ.
ಮೊನೆಯಲ್ಲಿ ಕೆಲವೇ ಪರಮಾಣುಗಳುಳಿದ ಸೂಜಿ
ತಟ್ಟುತ್ತದೆ, ತಟ್ಟುತ್ತದೆ,
ಸಾಲಿನ ಕೊನೆ ಮುಟ್ಟಿ ಮುಂದಿನ ಸಾಲಿಗೆ ತಿರುಗುತ್ತದೆ.
ಉಬ್ಬು ಸಿಕ್ಕಲ್ಲಿ ಏರುತ್ತದೆ, ಎರಡು ನ್ಯಾನೋಮೀಟರ್.
ಏರಿದ್ದನ್ನು, ಅದರ ಬೆನ್ನ ಮೇಲೆ ಕೂತ ಕೆಂಪು ಬೆಳಕು
ನಮಗೆ ಚಾಡಿ ಹೇಳುತ್ತದೆ.
ಮಾತಿನಲ್ಲೇ ಒಪ್ಪಿಕೊಂಡಿದ್ದೇವಲ್ಲ ಎಂದೋ:
ರುಚಿ ನೋಡು, ಕೇಳಿ ನೋಡು, ಮುಟ್ಟಿ ನೋಡು.

ಪುಸ್ತಕದ ಚಿತ್ರದಲ್ಲಿ ನಾಲ್ಕು ತೋಳೂ ಸಮ,
ಕೂಡುವ ಲೆಕ್ಕದ ಗುರುತು.
ಅಭ್ರಕದ ಮೇಲೆ ಒಂದಾದರೂ ಹಾಗೆ ಮಲಗಲಿಲ್ಲ.
ಒಂದು ಸಡಿಲವಾದ ಕತ್ತರಿ,
ಒಂದು ನಿದ್ದೆಯಲ್ಲಿ ಮಂಡಿ ಮಡಚಿದ ಮಗು,
ಒಂದಕ್ಕೆ ಮೂರೇ ತೋಳು, ನಾಲ್ಕನೆಯದು
ಎಲ್ಲಿ ತುಂಡಾಯಿತೋ, ಯಾರು ಕೇಳಬೇಕು.
ಮೆಗ್ನೀಸಿಯಂ ಇದ್ದರೆ ಮುದುಡುತ್ತವೆ,
ಇಲ್ಲದಿದ್ದರೆ ಕೈಚಾಚಿ ಅಂಗಾತ ಬೀಳುತ್ತವೆ.

ಮೂರನೆಯ ವಾರ ಸಿಕ್ಕಿತು: ಐದು ತೋಳಿನದು.
ಯಾರೂ ಹೆಣೆಯದೆ ತಾನೇ ಒಡೆದ ಕವಲು!
ಅಂದು ಊಟ ಮರೆತೆ.
ಚಿತ್ರ ಛಾಪಿಸಿಕೊಂಡು ಬಸ್ಸು ಹತ್ತಿ
ತೋಟದಲ್ಲಿ ಏಣಿಯ ಮೇಲಿದ್ದವನಿಗೆ ಕೊಟ್ಟೆ.
ಚಿಕ್ಕಪ್ಪ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದ,
ಕಾಗದವನ್ನು ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ.
"ಇದು ಹುಟ್ಟಿದ ಕೊಂಬೆಯಲ್ಲ, ಇಕುಯೋ.
ಪಕ್ಕದ ಮರದ್ದು ಬಂದು ಬಿದ್ದಿದೆ.
ಹುಟ್ಟಿದ್ದಕ್ಕೆ ಕಂಕುಳು ಇರುತ್ತದೆ.
ಬೆರಳಿಟ್ಟು ನೋಡು, ಇಲ್ಲಿ ದಪ್ಪ ಇರಬೇಕು."
ಆಮೇಲೆ, ಆ ಹಗ್ಗ ಕೊಡು ಎಂದ. ಕೊಟ್ಟೆ.

ರಾತ್ರಿಯೇ ಮರಳಿ ಆ ಜಾಗದ ಎತ್ತರ ಅಳೆದೆ.
ಎಲ್ಲ ಕಡೆ ಎರಡು. ಅಲ್ಲಿ ನಾಲ್ಕು.
ಕವಲಲ್ಲ; ಒಂದರ ಮೇಲೊಂದು ಒರಗಿ ಒಣಗಿದ
ಪರಸ್ಪರ ಗುರುತಿಲ್ಲದ ಇಬ್ಬರು.
ಇಡೀ ಪಟ್ಟಿಯನ್ನು ಮತ್ತೆ ಬೆರಳಿಟ್ಟು ನೋಡಿದೆ.
ನೂರ ನಲವತ್ತರಲ್ಲಿ ಉಳಿದದ್ದು ಮೂವತ್ತೊಂದು.
ಹೊನಾಮಿ ಮಾತಾಡದೆ ಬಾರ್ಲಿ ಚಹಾ ತಂದಿಟ್ಟಳು,
ಅದು ಆರಿತು.

ಡಿಸೆಂಬರಿನಲ್ಲಿ ಗುಡುಗು. ಈ ಕರಾವಳಿಯಲ್ಲಿ
ಹಿಮಕ್ಕೆ ಮೊದಲು ಗುಡುಗುತ್ತದೆ.
ಬುರಿ ಮೀನನ್ನು ಎಬ್ಬಿಸುವ ಗುಡುಗು ಎನ್ನುತ್ತಾರೆ ಬೆಸ್ತರು.
ಸೂಜಿ ಆಗ ಒಂದು ಒಳ್ಳೆಯ ಕವಲಿನ
ನಟ್ಟನಡುವೆ ನಡೆಯುತ್ತಿತ್ತು.
ಚಿತ್ರದಲ್ಲಿ ಮೇಲೆ ಎರಡು ತೋಳು, ಕೆಳಗೆ ಎರಡು,
ಸಂಧಿ ಇರಬೇಕಾದಲ್ಲಿ
ಅಡ್ಡಲಾಗಿ ಎಳೆದ ಬಿಳಿ ಗೀರು.

ಲೆಕ್ಕಕ್ಕೆ ಬರುವಂಥದ್ದಲ್ಲ. ಅಳಿಸಲು ಮನಸ್ಸಾಗಲಿಲ್ಲ.
ಈಗ ಅದು ಚಿಕ್ಕಪ್ಪನ ಸಾಮಾನಿನ ಕೊಟ್ಟಿಗೆಯಲ್ಲಿದೆ,
ಹುರಿಹಗ್ಗದ ಸಿಂಬಿಗಳ ಪಕ್ಕದ ಮೊಳೆಗೆ.
ಗುಡುಗಿನ ಗೆರೆ ಯಾವುದೆಂದು ತೋರಿಸಿದಾಗ
ಬಹಳ ಹೊತ್ತು ಅದರ ಮೇಲೆ ಹೆಬ್ಬೆರಳು ಆಡಿಸಿ ಕೇಳಿದ:
"ಸರಿ. ಮೀನೆಲ್ಲಿ?"